ಟೇಕ್ ಕಾಕಾನ ಸುಟ್ಟ ಕೈ

ಜಮರಾ ಕೊಯ್ಯುವುದು ನಾಲ್ಕು ವರ್ಷದಿಂದ ಲೋಕೇಂದ್ರನ ಕೆಲಸ. ಜವೆಗೋಧಿಯ ಸಸಿ ಅದು. ಒಂಬತ್ತು ದಿನ ಬೆಳಕು ಕಾಣದೆ ಹಳದಿಯಾಗಿ ಗೇಣುದ್ದ ಬೆಳೆದಿರುತ್ತದೆ. ದಶಮಿಯ ದಿನ ಹಿರಿಯರು ಹಣೆಗೆ ಟೀಕಾ ಇಟ್ಟು, ಜಮರಾದ ನಾಲ್ಕೆಳೆ ಕಿವಿಗೆ ಸಿಕ್ಕಿಸಿ ಹರಸಿದರೇ ನೇಪಾಳಿಗೆ ದಸರೆ, ಅವರ ಮಾತಿನ ದಸೈಂ, ಆದಂತೆ. ದೋಹಾದ ಈ ಕಾರ್ಮಿಕರ ಕ್ಯಾಂಪಿನಲ್ಲಿ ಜಮರಾ ಬೆಳೆಯುವುದು ಮೆಸ್ಸಿನ ಉಗ್ರಾಣದಲ್ಲಿ, ಅಕ್ಕಿ ಮೂಟೆಗಳ ಹಿಂದೆ, ಎರಡು ಪೇಂಟ್ ಡಬ್ಬಗಳಲ್ಲಿ. ಮಣ್ಣು ಮಾತ್ರ ಪಾರ್ಕಿನ ಮಲಯಾಳಿ ಮಾಲಿ ಕೊಟ್ಟದ್ದು. ಮೊದಲ ವರ್ಷ ಮರಳಲ್ಲೇ ಬಿತ್ತಿ ನಗೆಪಾಟಲಾಗಿತ್ತು.

ಬೆಳಗ್ಗೆ ಐದೂವರೆಗೆ ಟೇಕ್ ಬಹಾದುರ್ ಬಸ್ನೆತ್ ಅಣ್ಣನ ಮಗನತ್ತ ಕತ್ತರಿ ಚಾಚಿದ. ಲೋಕೇಂದ್ರ ತೆಗೆದುಕೊಳ್ಳಲಿಲ್ಲ.

"ಇವತ್ತು ಬೇರೆ ಯಾರಾದ್ರೂ ಕುಯ್ಲಿ ಕಾಕಾ," ಎಂದ.

"ಯಾಕಪ್ಪಾ, ಕೈಗೇನು ಗೋರಂಟಿ ಹಚ್ಕೊಂಡಿದ್ದೀಯಾ?"

"ಹಂಗಲ್ಲ. ತಲೆ ನೋಯ್ತಿದೆ."

"ನೋಯ್ದೆ ಇನ್ನೇನಾಗತ್ತೆ? ಕಣ್ಣು ನೋಡು, ಕೆಂಡ ಆಗಿದೆ. ರಾತ್ರಿಯೆಲ್ಲ ಇಸ್ಪೀಟು ತಟ್ಟಿದ್ದೀಯ ಅಲ್ವಾ?"

ಲೋಕೇಂದ್ರ ಒಂದು ಗಳಿಗೆ ಕಾಕಾನ ಮುಖ ನೋಡಿ, "ಹೂಂ ಕಾಕಾ," ಎಂದ.

"ನಾಚಿಕೆ ಆಗ್ಬೇಕು. ಅಲ್ಲಿ ನಿಮ್ಮಪ್ಪ ನಿನ್ನೆ ಫೋನಲ್ಲಿ ಮಗ ಮಗ ಅಂತ ಬಡ್ಕೊಂಡ. ಇಲ್ಲಿ ಮಗರಾಯ ಎಲೆ ಎತ್ತುತಾ ಕೂತಿದ್ದಾನೆ. ಹೋಗು, ತಲೆಗೆ ನೀರು ಹಾಕ್ಕೊಂಡು ಬಾ."

ಲೋಕೇಂದ್ರ ಮರುಮಾತಾಡದೆ ಹೋದ. ಇಪ್ಪತ್ತೇಳು ವರ್ಷದ ಆಳು, ಎದುರುತ್ತರ ಕೊಡದೆ ಹೀಗೆ ಹೋದದ್ದು ಟೇಕ್ ಕಾಕಾನಿಗೆ ಆಶ್ಚರ್ಯವಾಗಬೇಕಿತ್ತು. ಆಗಲಿಲ್ಲ. ಹಬ್ಬದ ಗಡಿಬಿಡಿ. ದಶಮಿ ಎಷ್ಟೋ ವರ್ಷಗಳ ಮೇಲೆ ಶುಕ್ರವಾರ ಬಿದ್ದಿತ್ತು, ಎಲ್ಲರಿಗೂ ರಜೆ. ಮಾಂಸ ತೊಳೆಯುವುದಿತ್ತು, ಅಕ್ಕಿ ಆರಿಸುವುದಿತ್ತು. ಅವನು ಗೊಣಗುತ್ತಲೇ ಅಕ್ಕಿಗೆ ಮೊಸರು, ಕೆಂಪು ಅಬೀರ ಸೇರಿಸಿ, ನಲವತ್ತು ಹಣೆಗಾಗುವಷ್ಟು ಟೀಕಾ ಕಲಸಿ, ಹಿತ್ತಾಳೆ ತಟ್ಟೆಯಲ್ಲಿ ಗುಡ್ಡೆ ಮಾಡಿಟ್ಟು ಕೈ ತೊಳೆದ. ಅಷ್ಟರಲ್ಲಿ ಫೋನು ಹೊಡೆದುಕೊಂಡಿತು. ಊರಿನಿಂದ ಹೆಂಡತಿ ಧನಕುಮಾರಿ.

"ಮುಹೂರ್ತ ಗೊತ್ತು ಕಣೇ," ಎಂದ ಕಾಕಾ, ಅವಳು ಬಾಯಿ ಬಿಡುವ ಮೊದಲೇ. "ಅಲ್ಲಿ ಹನ್ನೊಂದು ಐವತ್ತೈದು, ಇಲ್ಲಿ ಒಂಬತ್ತು ಹತ್ತು. ಪ್ರತಿ ವರ್ಷ ಹೇಳ್ಬೇಕಾ?"

"ನಿಂತಿದ್ದೀರಾ ಕೂತಿದ್ದೀರಾ?"

"ನಿಂತಿದ್ದೀನಿ."

"ಕೂತ್ಕೊಳ್ಳಿ."

ಅವನು ಕೂರಲಿಲ್ಲ. ಕೂತರೆ ಸುದ್ದಿ ನಿಜವಾಗಿಬಿಡುತ್ತದೆ ಎಂಬಂತೆ ಗೋಡೆ ಹಿಡಿದು ನಿಂತ.

"ಭಾವನವ್ರು ಹೋಗ್ಬಿಟ್ರು," ಎಂದಳು. "ಬೆಳಗ್ಗೆ ಹಸುಗೆ ಹುಲ್ಲು ಹಾಕಕ್ಕೆ ಹೋದೋರು ಕೊಟ್ಟಿಗೇಲೇ ಕುಸಿದ್ರು. ಎತ್ಕೊಂಡು ಅಂಗಳಕ್ಕೆ ತರೋ ಅಷ್ಟ್ರಲ್ಲಿ ಎಲ್ಲ ಮುಗ್ದೋಗಿತ್ತು."

ಅಣ್ಣ ಹರ್ಕ ಬಹಾದುರ್. ನಿನ್ನೆ ತಾನೇ ಫೋನಿನಲ್ಲಿ ನಕ್ಕಿದ್ದ. "ನಾಳೆ ನನ್ನ ಮಗನ ಹಣೆಗೆ ನನ್ನ ಪಾಲಿನದ್ದೂ ನೀನೇ ಇಡು ತಮ್ಮಾ, ದಪ್ಪಗಿಡು, ಜಿಪುಣತನ ಮಾಡ್ಬೇಡ," ಎಂದಿದ್ದ. ಟೇಕ್ ಕಾಕಾನಿಗೆ ಅಳು ಬರಲಿಲ್ಲ. ಫೋನು ಈಗ ಅತ್ತಿಗೆಯ ಕೈಗೆ ಹೋಗಿತ್ತು. ಅವಳ ದನಿ ಒಣಗಿತ್ತು, ಆದರೆ ಮಾತು ಸ್ಪಷ್ಟವಾಗಿತ್ತು.

"ಬಾಬು," ಎಂದಳು, ಮೈದುನನನ್ನು ಅವಳು ಕರೆಯುತ್ತಿದ್ದುದೇ ಹಾಗೆ. "ನನ್ನ ಮಗನಿಗೆ ಹೇಳಿದ್ರಾ?"

"ಇಲ್ಲ ಅತ್ತಿಗೆ. ಈಗಷ್ಟೇ ನಾನೇ ಕೇಳ್ತಿದ್ದೀನಿ."

"ಹೇಳ್ಬೇಡಿ. ಮೊದ್ಲು ಅವನ ಹಣೆಗೆ ಟೀಕಾ ಬೀಳ್ಲಿ. ಆಮೇಲೆ ಹೇಳಿ. ಕೇಳೋ ತನಕ ಅವನಿಗೆ ಅಪ್ಪ ಇರ್ತಾನೆ. ಇನ್ನೊಂದು ವರ್ಷ ಟೀಕಾ ಇಲ್ಲ ಅವನಿಗೆ. ಇನ್ನು ಅಪ್ಪ ಇರೋ ಮಗನ ಥರ ಅಂತೂ ಯಾವತ್ತೂ ಇಲ್ಲ. ಇಷ್ಟು ಮಾಡ್ತೀರಾ ನಂಗೆ?"

"ಮಾಡ್ತೀನಿ ಅತ್ತಿಗೆ," ಎಂದ ಕಾಕಾ. ಮಾಡುತ್ತೇನೆ ಎಂದವನಿಗೆ ಹೇಗೆ ಎಂಬುದು ಹೊಳೆದಿರಲಿಲ್ಲ.

ಸೂತಕ ಎನ್ನುವುದು ದೂರದಲ್ಲಿರುವವನಿಗೆ ಸುದ್ದಿ ಕಿವಿಗೆ ಬಿದ್ದ ಗಳಿಗೆಯಿಂದ ಹತ್ತುತ್ತದೆ. ಲೋಕೇಂದ್ರನ ಕಿವಿಗೆ ಬಿದ್ದಿಲ್ಲ, ಹಾಗಾಗಿ ಅವನಿನ್ನೂ ಮಡಿ. ಆದರೆ ಟೇಕ್ ಕಾಕಾ ಕೇಳಿಬಿಟ್ಟಿದ್ದಾನೆ. ಈಗ ಅವನ ಕೈ ಮೈಲಿಗೆ. ಆ ಕೈ ಯಾರ ಹಣೆಗೂ ಕೆಂಪು ಇಡುವಂತಿಲ್ಲ, ಆ ಕೈಯಲ್ಲಿ ಬೆಂದದ್ದನ್ನು ಯಾರೂ ಉಣ್ಣುವಂತಿಲ್ಲ. ಹದಿಮೂರು ದಿನ ಉಪ್ಪು ಬಿಟ್ಟು, ತಾನು ಬೇಯಿಸಿದ್ದನ್ನು ತಾನೇ ತಿಂದು ಕೂರಬೇಕು. ಕ್ಯಾಂಪಿಗೆ ಅಡುಗೆ ಮಾಡುವವನೂ ಅವನೇ, ಟೀಕಾ ಇಡುವವನೂ ಅವನೇ. ಅತ್ತ ದರಿ ಇತ್ತ ಪುಲಿ ಅಂದರೆ ಇದೇ.

ಕಾರಣ ಹೇಳಿಬಿಡೋಣ ಎಂದರೆ, ಹೇಳಿದ ಮರುಗಳಿಗೆ ಅದು ಲೋಕೇಂದ್ರನ ಕಿವಿಗೂ ಬೀಳುತ್ತದೆ. ಕ್ಯಾಂಪಿನಲ್ಲಿ ಗುಟ್ಟು ಎಂಬ ಪದಾರ್ಥ ಯಾವತ್ತೂ ಉಳಿದಿಲ್ಲ.

ಈ ಟೀಕಾದ ಪದ್ಧತಿಯನ್ನು ಮೈಮೇಲೆ ಎಳೆದುಕೊಂಡವನೂ ಅವನೇ. ಓಖಲ್‌ಢುಂಗಾದ ಗುಡ್ಡದಿಂದ ಮೂವತ್ತೈದನೇ ವಯಸ್ಸಿಗೆ ಬಂದು, ಹನ್ನೆರಡು ವರ್ಷ ಕಟ್ಟಡದ ಸಾರುವೆ ಹತ್ತಿ ಇಳಿದು, ಮಂಡಿ ಕೈಕೊಟ್ಟ ಮೇಲೆ ಮೆಸ್ಸಿಗೆ ಸೇರಿದವನು. ಇಪ್ಪತ್ತೊಂದು ದಸೈಂಗಳಲ್ಲಿ ಮನೆಯಲ್ಲಿ ಕಳೆದದ್ದು ಮೂರು. ಒಂಬತ್ತು ವರ್ಷದ ಹಿಂದೆ ಒಂದು ದಶಮಿಯ ದಿನ, ಹೊಸದಾಗಿ ಬಂದ ವೆಲ್ಡರ್ ಒಬ್ಬ ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಹೋ ಎಂದು ಅಳುತ್ತಿದ್ದ. ಟೇಕ್ ಕಾಕಾ ಬಾಗಿಲು ಬಡಿದು ಅವನನ್ನು ಎಳೆದು ತಂದು, ಮೆಸ್ಸಿನ ಅಕ್ಕಿ, ಮೆಸ್ಸಿನ ಮೊಸರು, ಯಾರದೋ ಪೆಟ್ಟಿಗೆಯಲ್ಲಿದ್ದ ಚಿಟಿಕೆ ಸಿಂಧೂರ ಕಲಸಿ ಹಣೆಗೆ ಬಡಿದು, "ಆಯ್ತಾ? ಈಗ ಮುಚ್ಕೊಂಡು ಊಟ ಮಾಡು," ಎಂದಿದ್ದ. ಅದನ್ನು ಕಂಡು ಹಿಂದೆ ಆರು ಜನ ಸಾಲು ನಿಂತಿದ್ದರು. ಮುಂದಿನ ವರ್ಷ ಇಪ್ಪತ್ತು, ಈಗ ನಲವತ್ತು. ನಾಲ್ಕು ವರ್ಷದ ಹಿಂದೆ ಲೋಕೇಂದ್ರ ಬಂದು ಕಾಕಾ ಎಂದು ಕರೆದದ್ದೇ ಸರಿ, ಇಡೀ ಕ್ಯಾಂಪಿಗೆ ಅವನು ಕಾಕಾ ಆದ. ಇವನಿಗಿಂತ ಎರಡೇ ವರ್ಷ ಚಿಕ್ಕವನಾದ ಕ್ರೇನ್ ಆಪರೇಟರ್ ಜಸ್ಬೀರ್ ಮಗರನೂ ಬೇಕೆಂದೇ ಕಾಕಾ ಎಂದು ಕರೆದು ಉರಿಸುತ್ತಿದ್ದ.

ಕಾಕಾ ಹಿತ್ತಾಳೆ ತಟ್ಟೆಯನ್ನು ನೋಡಿದ. ಸುದ್ದಿ ಕೇಳುವ ಮೊದಲು ಕಲಸಿದ್ದು, ಅದಕ್ಕೆ ದೋಷವಿಲ್ಲ. ಇನ್ನು ಮುಟ್ಟದಿದ್ದರೆ ಸರಿ. ಗೂಟದಲ್ಲಿದ್ದ ಒರೆಸುವ ಬಟ್ಟೆಯನ್ನು ಹರಿದ. ಮುಷ್ಟಿ ತುಂಬ ಅರಿಶಿನ ಕಲಸಿ ಬಲಗೈಗೆ ಬಳಿದು, ಬೆರಳಿನಿಂದ ಮಣಿಕಟ್ಟಿನ ತನಕ ಬಟ್ಟೆ ಸುತ್ತಿ, ಹಲ್ಲಿನಲ್ಲಿ ಕಚ್ಚಿ ಗಂಟು ಹಾಕಿದ. ಗಂಟು ಬಿಗಿದಾಗಲೇ ಅಡುಗೆಯ ಜೊತೆಗಾರ ರಾಮ್‌ಪ್ರೀತ್ ಮಹತೋ ಒಳಗೆ ಬಂದ. ನೇಪಾಳದ ಬಯಲುಸೀಮೆ ಸಿರಾಹಾ ಕಡೆಯ ನಲವತ್ತೈದರ ಆಸಾಮಿ, ಮೀಸೆ ದೊಡ್ಡದು, ಬಾಯಿ ಇನ್ನೂ ದೊಡ್ಡದು.

"ಏನಾಯ್ತು ಕಾಕಾ?"

"ಎಣ್ಣೆ ಬಿತ್ತು. ಬಿಸಿ ಎಣ್ಣೆ."

ರಾಮ್‌ಪ್ರೀತ್ ಒಲೆಯ ಕಡೆ ನೋಡಿದ. ಒಲೆ ಹಚ್ಚಿಯೇ ಇರಲಿಲ್ಲ.

"ಯಾವ ಎಣ್ಣೆ?"

ಸುಳ್ಳು ಹೇಳುವುದಕ್ಕೂ ಅಭ್ಯಾಸ ಬೇಕು. ಟೇಕ್ ಕಾಕಾ ಗಂಟನ್ನು ಇನ್ನಷ್ಟು ಬಿಗಿದ. "ಒಲೆ ಆರಿಸ್ದೆ ಕಣಯ್ಯಾ ಆಮೇಲೆ. ನಿಂಗೇನು ಪಂಚನಾಮೆ ಬರ್ದು ಕೊಡ್ಬೇಕಾ? ಇವತ್ತು ಅಡುಗೆಯೆಲ್ಲ ನಿಂದೇ. ನಾನು ಕೂತ್ಕೊಂಡು ಹೇಳ್ತೀನಿ, ನೀನು ಮಾಡು."

"ನಾನಾ? ಹಬ್ಬದ ಮಾಂಸ ನಾನಾ?" ರಾಮ್‌ಪ್ರೀತನ ಮೀಸೆ ಅರಳಿತು. "ಎಂಟು ವರ್ಷದಿಂದ ಈರುಳ್ಳಿ ಹೆಚ್ಚಿಸ್ಕೊಂಡು ಇವತ್ತು ಕೊಟ್ರಲ್ಲ ಸೌಟು. ಆ ಎಣ್ಣೆಗೆ ಒಂದು ನಮಸ್ಕಾರ."

ಅವನು ಅಡುಗೆಗೆ ಬಿದ್ದ. ಬಿದ್ದವನು ಆಗಾಗ ಬಟ್ಟೆ ಸುತ್ತಿದ ಕೈಯನ್ನು ಓರೆಗಣ್ಣಿನಲ್ಲಿ ನೋಡುತ್ತಿದ್ದ. ಕಳ್ಳನ ಮನಸ್ಸು ಹುಳ್ಳುಳ್ಳಗೆ. ಅವನು ಮಸಾಲೆ ಕೇಳಿದರೂ ಕಾಕಾನಿಗೆ ಕೈ ತೋರಿಸು ಎಂದ ಹಾಗೆ ಕೇಳುತ್ತಿತ್ತು. ಕಾಕಾ ಮೂಲೆಯ ಸಣ್ಣ ಒಲೆಯ ಮೇಲೆ ಎಡಗೈಯಲ್ಲಿ ಒಂದು ಚಿಕ್ಕ ಪಾತ್ರೆ ಇಟ್ಟು, ಎರಡು ಹಿಡಿ ಬೇಳೆ ಹಾಕಿದ.

"ಅದೇನದು ಬೇರೆ?"

"ನಂದು. ಬಿಪಿ ಜಾಸ್ತಿಯಾಗಿದೆ ಅಂದಿದ್ದಾನೆ ಡಾಕ್ಟ್ರು. ಉಪ್ಪು ಹಾಕ್ಬಾರ್ದಂತೆ."

"ಹಬ್ಬದ ದಿನವೇ ನೆನಪಾಯ್ತಾ ಡಾಕ್ಟ್ರ ಮಾತು," ಎಂದು ರಾಮ್‌ಪ್ರೀತ್ ನಕ್ಕ.

ಎಂಟೂವರೆಗೆ ಜಸ್ಬೀರ್ ಮಗರ ಹೊಸ ಟೋಪಿ ಹಾಕಿಕೊಂಡು, ಸೆಂಟು ಬಳಿದುಕೊಂಡು ಬಂದ. ಕಾಕಾ ಅವನನ್ನು ಉಗ್ರಾಣಕ್ಕೆ ಕರೆದ.

"ಇವತ್ತು ಟೀಕಾ ನೀನಿಡ್ಬೇಕು."

"ತಮಾಷೆ ಬೇಡ ಕಾಕಾ."

"ಕೈ ಸುಟ್ಕೊಂಡಿದ್ದೀನಿ, ಕಾಣ್ತಿಲ್ವಾ? ನನ್ನ ಬಿಟ್ರೆ ವಯಸ್ಸಲ್ಲಿ ನೀನೇ."

"ನಮ್ಮ ಮನೇಲಿ ತಲೆತಲಾಂತರದಿಂದ ಬಿಳಿ ಟೀಕಾ. ಹುಟ್ಟಿದಾಗಿಂದ ಕೆಂಪು ಕಲಸಿದೋನಲ್ಲ ನಾನು. ನಿಮ್ಮ ಕೈಯಿಂದ ಇಡಿಸ್ಕೊಳ್ತೀನಿ, ಅದು ಬೇರೆ ಮಾತು, ಅನ್ನದ ಋಣ. ಬೆರಳ ತುದಿ ಹೊರಗಿದೆಯಲ್ಲ, ಅದ್ರಲ್ಲೇ ಇಡಿ."

"ಆಗಲ್ಲ."

"ನಾನು ಮಣಿಕಟ್ಟು ಹಿಡ್ಕೊಳ್ತೀನಿ, ನೀವು ಸುಮ್ನೆ ಮುಟ್ಟಿಸಿ."

"ಆಗಲ್ಲ ಅಂದ್ನಲ್ಲ ಜಸ್ಬೀರ್."

ಆ ದನಿಗೆ ಜಸ್ಬೀರ್ ಟೋಪಿ ಸರಿಮಾಡಿಕೊಂಡು ಅವನ ಮುಖ ನೋಡಿದ. "ಎಲ್ಲಿ, ಬಟ್ಟೆ ಬಿಚ್ಚಿ. ನಾನು ಸೈಟಲ್ಲಿ ಎಷ್ಟು ಸುಟ್ಟಗಾಯ ನೋಡಿಲ್ಲ. ಬೊಬ್ಬೆ ಬಂದಿದ್ರೆ ಅರಿಶಿನ ಹಾಕ್ಬಾರ್ದು." ಅವನ ಕೈ ಗಂಟಿನ ಮೇಲೆ ಬಂದಿತ್ತು. ಬಿಚ್ಚಿದರೆ ಒಳಗಿರುವುದು ಅರಿಶಿನ ಹಚ್ಚಿದ ಒಳ್ಳೇ ಕೈ. ಆಗ ಏಕೆ ಎಂದು ಕೇಳುತ್ತಾನೆ. ಕೇಳಿದರೆ ಇನ್ನೊಂದು ಸುಳ್ಳು ಹುಟ್ಟಿಸುವ ಶಕ್ತಿ ಅವನಲ್ಲಿರಲಿಲ್ಲ.

"ಬಿಡಿ ಜಸ್ಬೀರ್ ದಾಜು."

ಬಾಗಿಲಲ್ಲಿ ಲೋಕೇಂದ್ರ ನಿಂತಿದ್ದ. ಜಸ್ಬೀರನನ್ನು ಹುಡುಗರೆಲ್ಲ ದಾಜು, ಅಂದರೆ ಅಣ್ಣ, ಎಂದೇ ಕರೆಯುವುದು. ಸ್ನಾನ ಮಾಡಿದ್ದ, ಮಾಸಲು ಬಿಳಿ ಅಂಗಿ ಹಾಕಿದ್ದ. "ಸುಟ್ಟಿದ್ದನ್ನ ಕೆದಕ್ಬೇಡಿ. ಕಾಕಾಗೆ ನೋವಾಗತ್ತೆ. ನೀವೇ ಇಡಿ."

ಜಸ್ಬೀರ್ ಕೈ ತೆಗೆದ. ಕಾಕಾನಿಗೆ ಹೋದ ಜೀವ ಬಂದಂತಾಯಿತು. ಬೆಳಗ್ಗೆ ಬೈದದ್ದು ನೆನಪಾಗಿ ಅವನ ತಲೆ ಸವರಬೇಕು ಎನ್ನಿಸಿತು. ಸವರಲಿಲ್ಲ, ಮೈಲಿಗೆ. "ಹೊಸ ಅಂಗಿ ತಗೊಂಡಿದ್ಯಲ್ಲ, ಎಲ್ಲಿ?" ಎಂದಷ್ಟೇ ಕೇಳಿದ.

"ಇಸ್ತ್ರಿ ಆಗಿಲ್ಲ," ಎಂದ ಲೋಕೇಂದ್ರ.

ಒಂಬತ್ತು ಹತ್ತಕ್ಕೆ ಮೆಸ್ಸಿನಲ್ಲಿ ಬೆಂಚು ಸರಿಸಿ ಕಂಬಳಿ ಹಾಸಿದ್ದರು. ಜಮರಾವನ್ನು ಯಾರೋ ಕೊಯ್ದು ತಂದಿದ್ದರು. ಜಸ್ಬೀರ್ ಕಂಬಳಿಯ ಮೇಲೆ ಕೂತು, ಮದುವೆಗಂಡಿನ ಹಾಗೆ ನಾಚಿಕೊಂಡು ತಟ್ಟೆ ಮುಂದಿಟ್ಟುಕೊಂಡ. ಸಾಲಿನಲ್ಲಿ ನಿಂತವರು ಸುಮ್ಮನಿರುತ್ತಾರೆಯೇ?

"ಕಾಕಾ, ಮೊದ್ಲು ನಿಮ್ಮ ಹಣೆಗೆ."

"ನಂಗಿಂತ ಚಿಕ್ಕೋನ ಕೈಯಿಂದ ನಾನು ಇಡಿಸ್ಕೊಳ್ಳೋದುಂಟಾ? ಕೈ ವಾಸಿಯಾದ ಮೇಲೆ ನಾನೇ ಇಟ್ಕೊಳ್ತೀನಿ. ಮುಹೂರ್ತ ಮೀರತ್ತೆ, ನಡೀರಿ."

ಈ ಮಾತನ್ನು ಅವನು ಮೊದಲೇ ನೂರು ಸಲ ಮನಸ್ಸಿನಲ್ಲಿ ಹೇಳಿಕೊಂಡು ಇಟ್ಟುಕೊಂಡಿದ್ದ. ಯಾರಿಗೂ ಅನುಮಾನ ಬರಲಿಲ್ಲ. ಸಾಲು ಕದಲಿತು. ಜಸ್ಬೀರನ ಕೈಗೆ ಅಳತೆ ತಿಳಿಯದು. ಮೊದಲನೆಯವನ ಹುಬ್ಬಿನ ಮೇಲೆಲ್ಲ ಮೊಸರು ಇಳಿಯಿತು. "ದಾಜು, ಟೀಕಾ ಇಡ್ತಿದ್ದೀರೋ ಗೋಡೆಗೆ ಗಿಲಾವು ಮಾಡ್ತಿದ್ದೀರೋ," ಎಂದ ಒಬ್ಬ. ಎಲ್ಲರೂ ನಕ್ಕರು. ಟೇಕ್ ಕಾಕಾನೂ ನಕ್ಕ. ನಗುತ್ತಲೇ ಕಣ್ಣಿನಲ್ಲಿ ಲೋಕೇಂದ್ರನನ್ನು ಹುಡುಕಿದ. ಅವನು ಸಾಲಿನ ಹಿಂಭಾಗದಲ್ಲಿ, ನೀರಿನ ಕೂಲರ್ ಪಕ್ಕದಲ್ಲಿ ನಿಂತಿದ್ದ. ಸಾಲು ಮುಂದೆ ಹೋದಂತೆಲ್ಲ ಅವನು ಹಿಂದಿದ್ದವರಿಗೆ ದಾರಿ ಬಿಡುತ್ತಿದ್ದ.

ಬೇಗ ಬಾರೋ, ಎಂದು ಕಾಕಾ ಒಳಗೇ ಬೇಡಿಕೊಂಡ. ಊರಿನ ಯಾರಾದರೂ ಅವನಿಗೆ ನೇರ ಫೋನು ಮಾಡಿದರೆ ಎಲ್ಲ ಮುಗಿಯಿತು. ಅವನ ಜೇಬಿನಲ್ಲಿದ್ದ ಫೋನನ್ನು ಕಂಡರೆ ಕಾಕಾನಿಗೆ ಸಿಡಿಮದ್ದು ಕಂಡ ಹಾಗಾಗುತ್ತಿತ್ತು. ಇಪ್ಪತ್ತು ಹಣೆಯಾಯಿತು. ಮೂವತ್ತಾಯಿತು. ಕಿವಿಗಳ ಮೇಲೆ ಹಳದಿ ಜಮರಾ ಸಿಕ್ಕಿಸಿಕೊಂಡು ಜನ ಅತ್ತಿತ್ತ ಓಡಾಡಿ ಮನೆಗಳಿಗೆ ವಿಡಿಯೋ ಕಾಲ್ ಹಚ್ಚಿ, "ಅಮ್ಮಾ ನೋಡು, ನೋಡು," ಎನ್ನುತ್ತಿದ್ದರು. ಕೊನೆಗೆ ಲೋಕೇಂದ್ರ ಒಬ್ಬನೇ ಉಳಿದ.

"ಬಾರಪ್ಪಾ, ನೀನೇ ಕೊನೆ," ಎಂದ ಜಸ್ಬೀರ್.

ಲೋಕೇಂದ್ರ ಕೈ ಮುಗಿದ. "ಬೇಜಾರು ಮಾಡ್ಕೋಬೇಡಿ ದಾಜು. ಕಾಕಾನ ಕೈಯಿಂದ್ಲೇ ಇಡಿಸ್ಕೋ ಅಂದಿದ್ದಾರೆ ನಮ್ಮಪ್ಪ. ಕಾಕಾನ ಕೈ ವಾಸಿ ಆಗ್ಲಿ. ಹುಣ್ಣಿಮೆ ತನಕ ಟೀಕಾಗೆ ಟೈಮಿದೆಯಲ್ಲ."

"ಅಬ್ಬಾ, ಪಿತೃವಾಕ್ಯ ಪರಿಪಾಲಕ," ಎಂದು ಯಾರೋ ಛೇಡಿಸಿದರು.

ಟೇಕ್ ಕಾಕಾ ತಾನು ಹೆಣೆದ ಬಲೆಗೆ ತಾನೇ ಬಿದ್ದಿದ್ದ. ಹುಣ್ಣಿಮೆಗೆ ಇನ್ನು ಐದು ದಿನ. ಐದು ದಿನ ಯಾವ ಸುದ್ದಿಯನ್ನು ಯಾರು ತಡೆದಾರು? ಐದು ದಿನವಿರಲಿ, ಸಂಜೆಯ ತನಕ ತಡೆದರೆ ದೊಡ್ಡದು. "ಜಸ್ಬೀರ್ ಕೈಯೂ ನನ್ನ ಕೈಯೂ ಒಂದೇ ಕಣೋ, ಇಡಿಸ್ಕೋ," ಎಂದ. "ಹಠ ಮಾಡ್ಬೇಡ," ಎಂದ. ಕೊನೆಗೆ, "ನನ್ನಾಣೆ," ಎಂದ. ಲೋಕೇಂದ್ರ ನೆಲ ನೋಡುತ್ತ ನಿಂತೇ ಇದ್ದ. ಅಪ್ಪ ಸತ್ತು ಅಂಗಳದಲ್ಲಿ ಮಲಗಿದ್ದಾನೆ, ಅವನ ಮಾತನ್ನು ನಡೆಸುತ್ತೇನೆ ಎಂದು ಈ ಹುಡುಗ ಹಠ ಹಿಡಿದಿದ್ದಾನಲ್ಲ ದೇವರೇ, ಎನ್ನಿಸಿತು ಕಾಕಾನಿಗೆ.

"ಉಗ್ರಾಣಕ್ಕೆ ಬಾ," ಎಂದ. "ತಟ್ಟೆ ಹಿಡ್ಕೊಂಡು ಬಾ ರಾಮ್‌ಪ್ರೀತ್."

ರಾಮ್‌ಪ್ರೀತ್ ತಟ್ಟೆಯನ್ನು ಅಕ್ಕಿ ಮೂಟೆಯ ಮೇಲಿಟ್ಟು ಹೋದ. ಒಳಗೆ ಇಬ್ಬರೇ ಉಳಿದರು. ಟೇಕ್ ಕಾಕಾ ತಟ್ಟೆಯನ್ನೇ ನೋಡಿದ. ತಳದಲ್ಲಿ ಒಂದು ಹಣೆಗಾಗುವಷ್ಟು ಟೀಕಾ ಉಳಿದಿತ್ತು. ಮಿಕ್ಕವರದೆಲ್ಲ ಆಗಿದೆ, ಇನ್ನು ಯಾರಿಗೂ ಮೈಲಿಗೆ ತಾಗುವುದಿಲ್ಲ. ಪಾಪ ಬಂದರೆ ತನಗೊಬ್ಬನಿಗೆ ಬರಲಿ. ಅತ್ತಿಗೆಗೆ ಕೊಟ್ಟ ಮಾತೊಂದು ಕಡೆ, ಐವತ್ತಾರು ವರ್ಷ ನಂಬಿಕೊಂಡು ಬಂದ ಮಡಿ ಒಂದು ಕಡೆ. ಅವನು ಹಲ್ಲಿನಿಂದ ಗಂಟು ಎಳೆದ. ಬಟ್ಟೆಯ ಒಂದು ಸುತ್ತು ಬಿಚ್ಚಿಕೊಂಡಿತು. ಅಣ್ಣಾ, ಕ್ಷಮಿಸು, ಎಂದುಕೊಂಡು ಕೈ ಚಾಚಿದ.

ಬೆರಳು ಟೀಕಾ ಮುಟ್ಟುವ ಮೊದಲು ಲೋಕೇಂದ್ರ ಅವನ ಮಣಿಕಟ್ಟು ಹಿಡಿದ. ಬಿಗಿಯಾಗಿ ಹಿಡಿದ.

"ಬೇಡ ಕಾಕಾ. ಸುಟ್ಟ ಕೈಗೆ ಮೊಸರು ತಾಗಿದ್ರೆ ಉರಿಯತ್ತೆ."

"ಉರೀಲಿ ಬಿಡೋ. ನಂಗಿಲ್ಲದ ಉರಿ ನಿಂಗ್ಯಾಕೆ?"

"ಬೇಡ," ಎಂದು ಲೋಕೇಂದ್ರ ಮತ್ತೊಮ್ಮೆ ಹೇಳಿದ. ಬಿಚ್ಚಿದ ಸುತ್ತನ್ನು ತಾನೇ ಮತ್ತೆ ಸುತ್ತಿ, ಗಂಟು ಹಾಕಿದ. ಅರಿಶಿನದ ಕೆಳಗೆ ಚರ್ಮ ನೆಟ್ಟಗಿರುವುದು ಅವನಿಗೆ ಕಂಡಿತೋ ಇಲ್ಲವೋ, ಮುಖ ನೋಡಿದರೆ ತಿಳಿಯುವ ಹಾಗಿರಲಿಲ್ಲ. ಗಂಟು ಹಾಕಿ ಹೊರಗೆ ಹೋದ.

ಟೇಕ್ ಕಾಕಾ ಮೂಟೆಯ ಮೇಲೆ ಕುಸಿದು ಕೂತ. ಸೋತೆ ಎನ್ನಿಸಿತು. ಒಬ್ಬ ತಾಯಿ ಇಡೀ ಜನ್ಮದಲ್ಲಿ ಕೇಳಿದ್ದು ಒಂದು ಮಾತು, ಅದನ್ನೂ ನಡೆಸಲಾಗಲಿಲ್ಲ. ಇನ್ನು ಉಳಿದದ್ದು ಒಂದೇ, ಊಟ. ಹೊಟ್ಟೆ ತುಂಬ ಮಾಂಸ, ಅನ್ನ ಉಂಡು ಏಳಲಿ, ಎಂದುಕೊಂಡ. ಆಮೇಲೆ ಹೇಳುತ್ತೇನೆ. ನಾಳೆಯಿಂದ ಅವನಿಗೆ ಉಪ್ಪಿಲ್ಲದ ಹದಿಮೂರು ದಿನ ಇದ್ದೇ ಇದೆ. ಕೊನೆಯ ಉಪ್ಪಿನೂಟವಾದರೂ ನೆಮ್ಮದಿಯಾಗಿ ಇಳಿಯಲಿ.

ನಮಾಜು ಮುಗಿಸಿ ಕ್ಯಾಂಪಿನ ಬಾಂಗ್ಲಾ ಜನ ವಾಪಸು ಬರುವ ಹೊತ್ತಿಗೆ ಮೆಸ್ಸಿನಲ್ಲಿ ಎಲೆ ಬಿದ್ದಿತ್ತು. ಎಲೆ ಅಂದರೆ ಸ್ಟೀಲು ತಟ್ಟೆ. ರಾಮ್‌ಪ್ರೀತ್ ಯುದ್ಧ ಗೆದ್ದವನಂತೆ ಬಡಿಸುತ್ತಿದ್ದ. ಕಾಕಾ ಅಡುಗೆಮನೆಯ ಮೂಲೆಯಲ್ಲೇ ಕೂತಿದ್ದ. ಸಣ್ಣ ಒಲೆ ಆರಿಸಿದ್ದ, ಬೇಳೆ ಬೆಂದು ತಣ್ಣಗಾಗಿತ್ತು. ಉಂಡಿರಲಿಲ್ಲ. ಅಣ್ಣನ ದೇಹಕ್ಕೆ ಬೆಂಕಿ ಬೀಳುವ ತನಕ ಅನ್ನ ಮುಟ್ಟುವುದು ಹೇಗೆ? ಹನ್ನೆರಡೂಕಾಲಿಗೆ ಫೋನು ಮಿನುಗಿತು. ಹೆಂಡತಿ ಕಳಿಸಿದ್ದು ಒಂದೇ ಸಾಲು. ಭಾವನವರ ಚಿಕ್ಕ ಮಗ ಬೆಂಕಿ ಕೊಟ್ಟ, ನದಿಯಿಂದ ಎಲ್ಲ ವಾಪಸು ಬಂದರು.

ಅವನು ಫೋನನ್ನು ಮಗುಚಿಟ್ಟ. ಆಗ ಬಂತು ಅಳು. ಸದ್ದಾಗದ ಹಾಗೆ, ಸುತ್ತಿದ ಬಟ್ಟೆಯನ್ನೇ ಬಾಯಿಗೆ ಒತ್ತಿಕೊಂಡು ಅತ್ತ. ಹಿತ್ತಿಲ ಗುಡ್ಡದಲ್ಲಿ ಬಿದಿರಿನ ಉಯ್ಯಾಲೆ ಕಟ್ಟಿ ತನ್ನನ್ನು ಮೊದಲು ಕೂರಿಸುತ್ತಿದ್ದ ಅಣ್ಣ. ಗಲ್ಫಿಗೆ ಹೊರಟಾಗ ಟೋಪಿ ತನ್ನ ತಲೆಯಿಂದ ತೆಗೆದು ತಮ್ಮನ ತಲೆಗಿಟ್ಟ ಅಣ್ಣ. ಅವನ ಕೈಯ ಟೀಕಾ ಇನ್ನು ಈ ಹಣೆಗೂ ಇಲ್ಲ.

ಹೆಜ್ಜೆ ಸದ್ದಾಯಿತು. ಕಾಕಾ ಮುಖ ಒರೆಸಿಕೊಂಡ. ಲೋಕೇಂದ್ರ ತಟ್ಟೆ ಹಿಡಿದು ಒಳಗೆ ಬಂದಿದ್ದ. ತಟ್ಟೆಯಲ್ಲಿ ಬರೀ ಅನ್ನವಿತ್ತು. ಮಾಂಸ ಇರಲಿಲ್ಲ, ಉಪ್ಪಿನಕಾಯಿ ಇರಲಿಲ್ಲ, ಪಲ್ಯ ಇರಲಿಲ್ಲ.

"ಯಾಕೋ, ಮಾಂಸ ಹಾಕ್ಲಿಲ್ವಾ ಅವನು?" ಕಾಕಾ ಎದ್ದ. "ರಾಮ್‌ಪ್ರೀತ್, ಏ..."

"ಕೂಗ್ಬೇಡಿ ಕಾಕಾ. ನಾನೇ ಬೇಡ ಅಂದೆ."

ಅವನು ಮೂಲೆಯ ಸಣ್ಣ ಒಲೆಯ ಹತ್ತಿರ ಬಂದು ನೆಲದ ಮೇಲೆ ಕೂತ. ತಟ್ಟೆ ಮುಂದಿಟ್ಟುಕೊಂಡ.

"ಆ ಚಿಕ್ಕ ಪಾತ್ರೆಯಿಂದ ನಂಗೂ ಎರಡು ಸೌಟು ಹಾಕಿ."

ಕಾಕಾ ಪಾತ್ರೆ ನೋಡಿದ. "ಇದ್ರಲ್ಲಿ ಉಪ್ಪಿಲ್ಲ ಕಣೋ," ಎಂದ.

"ಗೊತ್ತು ಕಾಕಾ. ಅದಕ್ಕೇ ಕೇಳ್ತಿದ್ದೀನಿ."

ಹೊರಗೆ ಯಾರೋ ದೊಡ್ಡದಾಗಿ ನಕ್ಕರು. ಅಡುಗೆಮನೆಯಲ್ಲಿ ಇಬ್ಬರೂ ಒಬ್ಬರ ಖಾಲಿ ಹಣೆಯನ್ನು ಒಬ್ಬರು ನೋಡುತ್ತ ಕೂತರು. ಬೆಳಗಿನಿಂದ ಕಂಡದ್ದೆಲ್ಲ ಟೇಕ್ ಕಾಕಾನಿಗೆ ಒಂದೊಂದಾಗಿ ಅರ್ಥವಾಯಿತು. ಮುಟ್ಟದೆ ಬಿಟ್ಟ ಕತ್ತರಿ, ಕೆಂಪಗಾದ ಕಣ್ಣು, ಇಸ್ತ್ರಿಯಾಗದ ಹೊಸ ಅಂಗಿ.

"ಯಾವಾಗ?" ಎಂದ.

"ಐದು ಗಂಟೆಗೆ. ಊರಿನ ಹುಡುಗನೊಬ್ಬ ಫೋನಲ್ಲಿ ಅಪ್ಪನ ಫೋಟೋ ಹಾಕಿದ್ದ, ಹಾರ ಹಾಕಿದ್ದು," ಎಂದ ಲೋಕೇಂದ್ರ. "ನಿಮಗಿನ್ನೂ ಗೊತ್ತಿಲ್ಲ ಅನ್ಕೊಂಡೆ. ನೀವು ಕೇಳ್ಬಿಟ್ರೆ ಟೀಕಾ ಇಡೋ ಹಾಗಿಲ್ಲ. ನಲವತ್ತು ಜನ ವರ್ಷವಿಡೀ ಕಾಯ್ತಾರೆ. ಆಮೇಲೆ ಕೈಗೆ ಬಟ್ಟೆ ನೋಡ್ದೆ. ಉಪ್ಪಿಲ್ಲದ ಬೇಳೆ ಬಗ್ಗೆ ರಾಮ್‌ಪ್ರೀತ್ ದಾಜು ಹೊರಗೆ ಹೇಳಿ ನಗ್ತಿದ್ರು. ಆಗ ಗೊತ್ತಾಯ್ತು. ಎಲ್ಲರ ಹಬ್ಬ ಮುಗೀಲಿ ಅಂತ ಸುಮ್ನಿದ್ದೆ."

"ನಾನು ನಿಂಗೆ ಇಸ್ಪೀಟು ಆಡಿದ್ಯಾ ಅಂತ ಬೈದ್ನಲ್ಲೋ."

"ಬೈದದ್ದೇ ಒಳ್ಳೇದಾಯ್ತು ಕಾಕಾ. ಏನಾಯ್ತು ಅಂತ ಕೇಳಿದ್ರೆ ಅಲ್ಲೇ ಅತ್ಬಿಡ್ತಿದ್ದೆ."

ಟೇಕ್ ಕಾಕಾ ಹಲ್ಲಿನಿಂದ ಗಂಟು ಬಿಚ್ಚಿ ಬಟ್ಟೆಯನ್ನು ಮೂಲೆಗೆಸೆದ. ಅರಿಶಿನ ಮೆತ್ತಿದ, ಒಂದು ಗುಳ್ಳೆಯೂ ಇಲ್ಲದ ಬಲಗೈಯನ್ನು ಅಣ್ಣನ ಮಗನ ತಲೆಯ ಮೇಲಿಟ್ಟ. ಈಗ ಮುಟ್ಟಬಹುದಿತ್ತು, ಇಬ್ಬರದೂ ಒಂದೇ ಸೂತಕ. ಲೋಕೇಂದ್ರ ಮುಖವನ್ನು ಅವನ ಮಂಡಿಗೆ ಒತ್ತಿ ಅತ್ತ. ಬೆಳಗಿನಿಂದ ಹಿಡಿದಿಟ್ಟದ್ದನ್ನೆಲ್ಲ ಅತ್ತ. ಆಮೇಲೆ ಕಾಕಾ ಸೌಟು ತೆಗೆದುಕೊಂಡು ತಣ್ಣಗಾದ ಬೇಳೆಯನ್ನು ಅವನ ಅನ್ನದ ಮೇಲೆ ಎರಡು ಸಲ ಸುರಿದ, ತನ್ನ ತಟ್ಟೆಗೂ ಸುರಿದುಕೊಂಡ. ಇಬ್ಬರೂ ಎದುರುಬದುರು ಕೂತು ಉಣ್ಣತೊಡಗಿದರು.

"ಕಾಕಾ, ಉಪ್ಪು ಕಳ್ಸಿ," ಎಂದು ಜಸ್ಬೀರ್ ಹೊರಗಿನಿಂದ ಕೂಗಿದ. "ಈ ನಿಮ್ಮ ಶಿಷ್ಯ ಮಾಂಸಕ್ಕೆ ಉಪ್ಪೇ ಹಾಕಿಲ್ಲ."

ರಾಮ್‌ಪ್ರೀತ್ ಬೈದುಕೊಳ್ಳುತ್ತ ಉಪ್ಪಿನ ಡಬ್ಬಕ್ಕೆಂದು ಒಳಗೆ ಬಂದ. ಮೂಲೆಯಲ್ಲಿ ಬಿದ್ದಿದ್ದ ಬಟ್ಟೆ ನೋಡಿದ. ನೆಟ್ಟಗಿರುವ ಕೈ ನೋಡಿದ. ಎರಡು ಖಾಲಿ ಹಣೆ, ನಡುವೆ ಆ ಚಿಕ್ಕ ಪಾತ್ರೆ ನೋಡಿದ. ಅವನ ಊರಿನಲ್ಲೂ ಮನುಷ್ಯರು ಸಾಯುತ್ತಾರೆ, ಅವನೂ ಅಪ್ಪನಿಗಾಗಿ ಉಪ್ಪು ಬಿಟ್ಟವನು. ಏನೂ ಕೇಳಲಿಲ್ಲ. ಡಬ್ಬ ತೆಗೆದುಕೊಂಡು ಹೊರಗೆ ಹೋಗಿ ಬಾಗಿಲನ್ನು ಹಿಂದಿನಿಂದ ಎಳೆದುಕೊಂಡ.

"ಒಳಗೆ ಯಾರೂ ಹೋಗ್ಬೇಡಿ," ಎಂದು ಅವನು ಹೇಳುವುದು ಕೇಳಿಸಿತು. "ಕಾಕಾ ಊಟ ಮಾಡ್ತಿದ್ದಾರೆ."